ತೊಟ್ಟಿಲುಗುಂಡಿ ಒಂದರಿಂದಲೇ ಮಣ್ಣು ನಿಲ್ಲುವುದಿಲ್ಲ: ಇಳಿಜಾರಿನ ರೊಬಸ್ಟಾ ತೋಟದಲ್ಲಿ ನನ್ನ ಅನುಭವ

ಒಂದು ಇಂಚು ಮಳೆ ಎಂದರೆ ಎಕರೆಗೆ 1 ಲಕ್ಷ ಲೀಟರಿನ ಮೇಲೆ ನೀರು. ಹರಿವ ನೀರು, ಮಣ್ಣು ತಡೆಯಲು ಇಳಿಜಾರಿಗೆ ಅಡ್ಡಲಾಗಿ ತೋಡುವ ತೊಟ್ಟಿಲುಗುಂಡಿ, 6 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಆಳದ್ದು, ಹಿಡಿಯುವುದು 250 ಲೀಟರ್. ಎಕರೆಗೆ 120 ಗುಂಡಿ ತೋಡಿಸಿದರೂ 30 ಸಾವಿರ ಲೀಟರ್ ಆಯಿತು, ಅಂದರೆ ಕಾಲಿಂಚು ಚಿಲ್ಲರೆ ಮಳೆ. ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಮಳೆ ತಿಂಗಳು) ದಿನಕ್ಕೆ 4-5 ಇಂಚು ಹೊಡೆಯುವ ಊರಿನಲ್ಲಿ ಈ ಸಣ್ಣ ಗುಣಾಕಾರ ಮಾಡದೆ ಗುಂಡಿ ತೋಡಿಸಿದ್ದಕ್ಕೆ ಮೊದಲ ವರ್ಷವೇ ದಂಡ ತೆತ್ತೆ. 4 ಎಕರೆಗೆ ಆಗಿನ ಕೂಲಿಯಲ್ಲಿ 25 ಸಾವಿರದ ಹತ್ತಿರ ಹೋಯಿತು. ಜುಲೈ ಮುಗಿಯುವುದರೊಳಗೆ ಮುಕ್ಕಾಲು ಪಾಲು ಗುಂಡಿ ಹೂಳು ತುಂಬಿ ನೆಲಸಮ. ಮೇಲಿನ ಗುಂಡಿ ತುಂಬಿ ಹರಿದು ಕೆಳಗಿನದರ ಬಾಯಿ ಒಡೆಯಿತು, ಅದು ಅದರ ಕೆಳಗಿನದನ್ನು ಒಡೆಯಿತು. ಗುಂಡಿ ಇಲ್ಲದ ಕಾಲದಲ್ಲಿ ಇರದಿದ್ದ ಕೊರಕಲು ಎರಡು ಹೊಸದಾಗಿ ಬಿದ್ದವು. ‘ದುಡ್ಡು ಹೂಳಲಿಕ್ಕೆ ಗುಂಡಿ ತೋಡಿಸಿದ್ದಾ’ ಎಂದು ಅಕ್ಕಪಕ್ಕದ ತೋಟದವರು ಕೇಳಿದರು. ಆ ವರ್ಷದ ಮಟ್ಟಿಗೆ ಅವರ ಮಾತು ಸರಿಯೇ.

ತೋಟ ಇರುವುದು ಕೊಡಗಿನ ಮಾದಾಪುರದ ಕಡೆ. ಮಳೆ ವರ್ಷಕ್ಕೆ 90ರಿಂದ 110 ಇಂಚು. 10 ಅಡಿಗೆ ಒಂದರಂತೆ ನೆಟ್ಟ ಹಳೆ ರೊಬಸ್ಟಾ ಕಾಫಿ, ಮೇಲೆ ನೆರಳಿಗೆ ಸಿಲ್ವರ್ ಓಕ್ ಮರ, ಅಲ್ಲಲ್ಲಿ ಹಾಲುವಾಣ ಮತ್ತು ಕಾಡುಮರ, ಸಿಲ್ವರಿಗೆ ಹಬ್ಬಿಸಿದ ಕಾಳುಮೆಣಸು. ಇಳಿಜಾರು ಹೆಚ್ಚಿನ ಕಡೆ 10 ಅಡಿಗೆ 2-3 ಅಡಿ. ಒಂದು ಮೂಲೆ ಮಾತ್ರ 10ಕ್ಕೆ 5ರ ಮೇಲೆ. ಆ ಮೂಲೆಯ ಲೆಕ್ಕವೇ ಬೇರೆ, ಆಮೇಲೆ ಬರುತ್ತೇನೆ.

ಗುಂಡಿಗೆ ತುಂಬಿದ ಹೂಳು ಎಲ್ಲಿಂದ ಬಂತು ಎನ್ನುವುದು ಗೊತ್ತಾಗದೆ ಮುಂದಿನ ವರ್ಷ ಇನ್ನೂ ಗುಂಡಿ ತೋಡಿಸುವುದು ಮೂರ್ಖತನ. ಅದಕ್ಕೆ ಮಾಡಿದ್ದು ಇಷ್ಟೇ: 8 ಎಂಎಂ ಕಬ್ಬಿಣದ ಸರಳನ್ನು ಒಂದೂವರೆ ಅಡಿಗೆ ತುಂಡು ಮಾಡಿಸಿ, 4 ಇಂಚು ಮೇಲೆ ಬಿಟ್ಟು ಉಳಿದದ್ದನ್ನು ನೆಲಕ್ಕೆ ಹೊಡೆಸಿದೆ. ಒಂದೊಂದು ಬ್ಲಾಕಿಗೆ 25 ಮೊಳೆ. ಮೇ ಕೊನೆಗೆ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಮೇಲೆ ಕಾಣುವ ಉದ್ದವನ್ನು ಸ್ಕೇಲಿನಿಂದ ಅಳೆಯುವುದು. ಅಳೆಯುವ ಮುಂಚೆ ದರಗು (ಉದುರಿದ ಒಣ ಎಲೆ) ಸರಿಸಬೇಕು. ಮೊಳೆಯ ಮೇಲ್ಬದಿಗೆ ಮಣ್ಣು ಒಟ್ಟಾಗುತ್ತದೆ, ಕೆಳಬದಿ ಕೊರೆಯುತ್ತದೆ, ಆದ್ದರಿಂದ ಪಕ್ಕದಿಂದ ಅಳೆಯಬೇಕು. ಮೊಳೆಯ ತಲೆಗೆ ಕೆಂಪು ಬಣ್ಣ ಬಳಿಯದಿದ್ದರೆ ಕಾಫಿ ಕೊಯ್ಯುವವರ ಕಾಲಿಗೆ ಚುಚ್ಚುತ್ತದೆ, ಮೊದಲ ವರ್ಷ ಚುಚ್ಚಿತು ಕೂಡ. ಸರಾಸರಿ 1 ಎಂಎಂ ಇಳಿಯಿತು ಎಂದರೆ ಎಕರೆಗೆ ಹತ್ತಿರ ಹತ್ತಿರ 5 ಟನ್ ಮೇಲ್ಮಣ್ಣು ಹೋಯಿತು ಎಂದು ಲೆಕ್ಕ ಹಿಡಿಯಿರಿ.

ಸುಣ್ಣ ಬಳಿದ ಹಾಗೆ ಕಳೆ ಕೆತ್ತಿಸಿ, ಉಳಿದದ್ದಕ್ಕೆ ಔಷಧಿ ಹೊಡೆಸಿ ‘ಕ್ಲೀನ್’ ಇಟ್ಟಿದ್ದ ಬ್ಲಾಕಿನಲ್ಲಿ ಒಂದೇ ಮಳೆಗಾಲಕ್ಕೆ 4ರಿಂದ 5 ಎಂಎಂ ಇಳಿದಿತ್ತು. ಆಳು ಸಿಗದೆ ಕಳೆ ಹೊಡೆಸಲಾಗದೆ ಬಿಟ್ಟಿದ್ದ ಬ್ಲಾಕಿನಲ್ಲಿ 1 ಎಂಎಂ ಕೂಡ ಇಲ್ಲ. ಎರಡರಲ್ಲೂ ಗುಂಡಿಯ ಸಂಖ್ಯೆ ಒಂದೇ. ಗುಂಡಿಯ ಕೆಲಸವೇನು, ನೆಲದ ಮೇಲಿನ ಹೊದಿಕೆಯ ಕೆಲಸವೇನು ಎನ್ನುವುದು ಅಲ್ಲಿಗೆ ತಿಳಿಯಿತು.

‘ಮೇಲೆ ಮರ ಇದೆಯಲ್ಲ, ಮಣ್ಣು ಎಲ್ಲಿಗೆ ಹೋಗುತ್ತದೆ’ ಎನ್ನುವವರು ಜುಲೈಯಲ್ಲಿ ಕಾಫಿ ಗಿಡದ ಕೆಳಗಿನ ರೆಕ್ಕೆಯ (ಅಡ್ಡಕೊಂಬೆಯ) ಎಲೆಗಳನ್ನು ಮಗುಚಿ ನೋಡಬೇಕು. ಎಲೆಯ ಅಡಿಭಾಗದಲ್ಲಿ ನೆಲದಿಂದ ಒಂದೂವರೆ ಅಡಿಯವರೆಗೂ ಕೆಂಪು ಮಣ್ಣಿನ ಚುಕ್ಕೆ. ಎಲೆಯಲ್ಲಿ ಒಟ್ಟುಗೂಡಿ ಬೀಳುವ ಹನಿ ಮಳೆಹನಿಗಿಂತ ದಪ್ಪ, 40 ಅಡಿ ಮೇಲಿನ ಸಿಲ್ವರಿನಿಂದ ಬಿದ್ದರೆ ವೇಗವೂ ಬಯಲಿನ ಮಳೆಯಷ್ಟೇ. ಬರಿನೆಲಕ್ಕೆ ಅದು ಗುದ್ದಲಿ ಏಟು. ಮರ ಮಣ್ಣನ್ನು ಕಾಯುವುದು ಅದರ ಉದುರಿದ ಎಲೆಯಿಂದ. ಆ ಎಲೆಯನ್ನು ಗುಡಿಸಿ ಹಾಕಿದರೆ ಮರವಿದ್ದೂ ಪ್ರಯೋಜನ ಅರ್ಧ.

ಈಗಿನ ಕ್ರಮ. ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಗಿಡದ ಸುತ್ತ ಎರಡು ಅಡಿ ಮಾತ್ರ ಕೈಯಲ್ಲಿ ಕಳೆ ಕೀಳಿಸುತ್ತೇನೆ. ಸಾಲಿನ ನಡುವೆ ಕತ್ತಿಯೂ ಇಲ್ಲ, ಗುದ್ದಲಿಯೂ ಇಲ್ಲ. ಕಳೆ ಕತ್ತರಿಸುವ ಮೆಷಿನ್ನಿನಲ್ಲಿ ನೆಲದಿಂದ 4-5 ಇಂಚು ಬಿಟ್ಟು ಸವರುವುದು. ಮೆಷಿನ್ ಹಿಡಿಯುವ ಹುಡುಗರು ಎಷ್ಟು ಹೇಳಿದರೂ ನೆಲ ಕೆರೆಯುತ್ತಾರೆ, ಕೆರೆದರೆ ಕೆಲಸ ಚೆಂದ ಕಾಣುತ್ತದೆಂದು. ಬ್ಲೇಡಿನ ಅಡಿಗೆ ಬಟ್ಟಲಿನ ಆಕಾರದ ತಟ್ಟೆ ಹಾಕಿಸಿದ ಮೇಲೆ ಆ ಜಗಳ ನಿಂತಿತು. ಮೇ 20ರ ನಂತರ ಸವರಬಾರದು. ಬೇರು ಹಿಡಿದ ಕೂಳೆ ಚಿಗುರಲು ಎರಡು ವಾರ ಬೇಕು, ಜೂನ್ ಮೊದಲ ವಾರ ಮಳೆ ಕೂತರೆ ಬೋಳು ನೆಲ ಸಿಕ್ಕಿಬೀಳುತ್ತದೆ. ಎರಡನೆಯ ಸುತ್ತು ಆಗಸ್ಟ್ ಕೊನೆಯ ಬಿಸಿಲಿನಲ್ಲಿ.

ಎಲ್ಲ ಕಳೆಯೂ ಇರಲಿ ಎನ್ನುತ್ತಿಲ್ಲ. ಕಮ್ಯುನಿಸ್ಟ್ ಗಿಡ (ಯುಪಟೋರಿಯಂ ಕಳೆ) ಹೂ ಬಿಡುವ ಮುಂಚೆ ಬೇರುಸಮೇತ ಕೀಳಬೇಕು. ಕಾಫಿಯ ಮೇಲೆ ಹತ್ತುವ ಬಳ್ಳಿಗಳನ್ನು ಕಂಡ ಕೂಡಲೇ ತೆಗೆಯಬೇಕು. ಗಂಟುಬೇರಿನ ಹುಲ್ಲಿಗೆ ದಯೆ ಬೇಡ.

ಈಗ ಸೋಲಿನ ಮಾತು. ಕಳೆ ಬಿಟ್ಟ ಮೊದಲ ವರ್ಷ ‘ಗೊಬ್ಬರವೆಲ್ಲ ಕಳೆ ತಿನ್ನುತ್ತದೆ’ ಎಂದವರ ಮಾತು ನಿಜವಾಯಿತು. ಜುಲೈಗೆ ಎಲೆ ಹಳದಿ, ಆ ಸಲದ ಕೊಯ್ಲಿನಲ್ಲಿ ಎಕರೆಗೆ ಎರಡು ಚೀಲ ಖೋತಾ. ತಪ್ಪು ಕಳೆಯದಲ್ಲ, ಗೊಬ್ಬರ ಎರಚಿದ ರೀತಿಯದು: ಹಳೆ ಅಭ್ಯಾಸದಲ್ಲಿ ಸಾಲಿನ ನಡುವೆಯೂ ಚೆಲ್ಲಿಸಿದ್ದೆ. ಮರುವರ್ಷದಿಂದ ಗಿಡದ ಬುಡದ ಕಳೆ ಕಿತ್ತ ಎರಡಡಿ ಸುತ್ತಿನೊಳಗೆ ಮಾತ್ರ, ಅದೂ ಸವರಿದ 8-10 ದಿನದ ಮೇಲೆ. ಮೂರು ಕಂತಿನ ಗೊಬ್ಬರವನ್ನು ಅಷ್ಟೇ ಪ್ರಮಾಣದಲ್ಲಿ ನಾಲ್ಕು ಕಂತು ಮಾಡಿದೆ. ಸವರಿದ ಹಸಿಸೊಪ್ಪನ್ನು ಸುತ್ತಿನ ಅಂಚಿಗೆ ಎಳೆಸಿದರೆ ಕಳೆ ತಿಂದದ್ದು ಅಲ್ಲೇ ಕೊಳೆತು ವಾಪಸಾಗುತ್ತದೆ. ಎರಡನೆಯ ವರ್ಷ ಬಣ್ಣ ಬಂತು, ಮೂರನೆಯ ವರ್ಷದಿಂದ ಕೇಳುವವರೂ ಬಂದರು.

ಮರಗಸಿಯ (ನೆರಳುಮರದ ಕೊಂಬೆ ಕಡಿಯುವ ಕೆಲಸದ) ಸೊಪ್ಪು, ಕೊಂಬೆ ಯಾವುದೂ ತೋಟದಿಂದ ಹೊರಗೆ ಹೋಗುವುದಿಲ್ಲ. ಸೌದೆಗೆ ಕೇಳುವವರಿಗೆ ದಪ್ಪದ್ದು ಕೊಟ್ಟರಾಯಿತು. ಮಣಿಕಟ್ಟು ಗಾತ್ರದ ಕೊಂಬೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಮಲಗಿಸಿ, ಕೆಳಬದಿಗೆ ಎರಡಡಿಯ ಗೂಟ ಹೊಡೆದು ತಡೆ ಕೊಡುತ್ತೇವೆ. ಅದರ ಮೇಲ್ಬದಿಗೆ ಸೊಪ್ಪು, ದರಗು 3-4 ಇಂಚು ದಪ್ಪಕ್ಕೆ. ಗೂಟ ಇಲ್ಲದೆ ಹರಡಿದ ದರಗು ಮೊದಲ ದೊಡ್ಡ ಮಳೆಗೆ ತೇಲಿ ಚರಂಡಿ ಸೇರುತ್ತದೆ. ಹಾಲುವಾಣದ ಸೊಪ್ಪು ಒಂದೆರಡು ತಿಂಗಳಲ್ಲಿ ಕರಗುವುದರಿಂದ ಅದು ಗೊಬ್ಬರ; ಸಿಲ್ವರಿನ ಎಲೆ ಬೇಗ ಕೊಳೆಯುವುದಿಲ್ಲವೆಂದು ಬೈಯುತ್ತಾರಲ್ಲ, ಹೊದಿಕೆಗೆ ಬೇಕಾದ ಗುಣ ಅದೇ. ಎರಡೂ ಕಲಸಿ ಹಾಕಿದರೆ ಒಳ್ಳೆಯದು. ಕಾಫಿ ಬುಡದಿಂದ ಒಂದಡಿ ದೂರ ಇರಲಿ. ಮೆಣಸಿನ ಬುಡಕ್ಕೆ ಮಳೆಗಾಲದಲ್ಲಿ ಹೊದಿಕೆಯೇ ಬೇಡ.

ಮೆಣಸಿನ ವಿಷಯ ಬಂದದ್ದರಿಂದ ದೊಡ್ಡ ನಷ್ಟದ ಲೆಕ್ಕವನ್ನೂ ಕೊಡುತ್ತೇನೆ. ಎರಡನೆಯ ವರ್ಷದ ಗುಂಡಿಗಳಲ್ಲಿ ಸುಮಾರು 30 ಗುಂಡಿ ಮೆಣಸಿನ ಮರದಿಂದ ಮೂರೇ ಅಡಿ ದೂರ, ಅದೂ ಮೇಲ್ಬದಿಗೆ ಬಿದ್ದಿದ್ದವು. ನಿಂತ ನೀರು ಬುಡಕ್ಕೆ ಒಸರಿ, ಆಗಸ್ಟಿನಲ್ಲಿ ಸೊರಗು ರೋಗ ಬಂದು 40 ಬಳ್ಳಿ ಹೋದವು. ಬೋರ್ಡೋ ಹೊಡೆಸಿಯೇ ಇದ್ದೆ, ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್, ಎಲ್ಲ ಸರಿ; ಬೇರು ನೀರಿನಲ್ಲಿ ನಿಂತರೆ ಬೋರ್ಡೋ ಏನು ಮಾಡೀತು? ಈಗ ಮೆಣಸಿನ ಬುಡದಿಂದ ಗುಂಡಿಗೆ 7 ಅಡಿ ಕಡ್ಡಾಯ, ಬುಡದ ನೇರ ಮೇಲ್ಬದಿಗೆ ಗುಂಡಿ ಇಲ್ಲವೇ ಇಲ್ಲ. ಹೀಗೆ ಬಿಡುತ್ತ ಹೋದರೆ ಎಕರೆಗೆ 120 ಗುಂಡಿ ಕೂರುವುದಿಲ್ಲ, 80-90 ಆಗುತ್ತದೆ. ಆಗಲಿ.

ಗುಂಡಿಯ ಅಳತೆ ಕಾಫಿ ಮಂಡಳಿಯವರು ಹೇಳುವುದೇ, ಒಂದಡಿ ಅಗಲ ಒಂದೂವರೆ ಅಡಿ ಆಳ. ಕೆಡುವುದು ಅಳತೆಯಲ್ಲಲ್ಲ, ಮಟ್ಟದಲ್ಲಿ. ಹಳೆ ಕಾಫಿ ನೆಟ್ಟದ್ದು ನೇರ ಸಾಲಿನಲ್ಲಿ, ಇಳಿಜಾರಿನ ಮಟ್ಟಕ್ಕಲ್ಲ. ಸಾಲು ಹಿಡಿದು ಗುಂಡಿ ತೋಡಿದರೆ ಒಂದು ತುದಿ 3-4 ಇಂಚು ತಗ್ಗು; ನೀರೆಲ್ಲ ಆ ತುದಿಗೆ ಹೋಗಿ ಅಲ್ಲೇ ಕೊರೆಯುತ್ತದೆ. ಕಣ್ಣಂದಾಜು ಕಾಫಿ ತೋಟದಲ್ಲಿ ನಡೆಯುವುದಿಲ್ಲ, ಗಿಡದ ತಲೆ ನೋಡಿ ಮೋಸ ಹೋಗುತ್ತೇವೆ. ಬಿದಿರಿನ ಎರಡು ಕಾಲು, ನಡುವೆ ಅಡ್ಡಪಟ್ಟಿ, ತುದಿಯಿಂದ ದಾರಕ್ಕೆ ಕಟ್ಟಿದ ಕಲ್ಲು: ಆ ಏಣಿಕಾಲಿನ ಚೌಕಟ್ಟು ಸಾಕು. ಗುರುತು ಹಾಕುವಾಗ ಒಮ್ಮೆ ನಿಲ್ಲಿಸಿ ದಾರ ತಾಗಿದ ಕಡೆ ಗೆರೆ ಎಳೆಯುವುದು, ಕಾಲು ಅದಲುಬದಲು ಮಾಡಿ ಮತ್ತೊಂದು ಗೆರೆ ಎಳೆಯುವುದು, ಎರಡರ ನಡುಮಧ್ಯವೇ ಮಟ್ಟ. ಇದನ್ನು ಮಾಡದ ಚೌಕಟ್ಟು ಸುಳ್ಳು ಹೇಳುತ್ತದೆ. ಇಬ್ಬರು ಅರ್ಧ ದಿನದಲ್ಲಿ ಒಂದೂವರೆ ಎಕರೆಗೆ ಗೂಟ ಹೊಡೆದು ಮುಗಿಸುತ್ತಾರೆ.

ಗುಂಡಿಯಿಂದ ಗುಂಡಿಗೆ ಆರಡಿ ಖಾಲಿ ಬಿಟ್ಟು, ಆ ಖಾಲಿಯ ನೇರ ಕೆಳಗೆ ಮುಂದಿನ ಸಾಲಿನ ಗುಂಡಿ ಬರಬೇಕು, ಇಟ್ಟಿಗೆ ಕಟ್ಟಿದ ಹಾಗೆ. ತಳವನ್ನು ಒಂದು ಬಾಟಲಿ ನೀರು ಸುರಿದು ನೋಡಿ. ಒಂದು ಮೂಲೆಗೆ ಓಡಿದರೆ ಮತ್ತೆ ಕೆರೆಸಿ. ತೋಡಿದ ಮಣ್ಣು ಕೆಳಬದಿಗೆ, ಅಂಚಿನಿಂದ 8 ಇಂಚು ಬಿಟ್ಟು, ಕಾಲಲ್ಲಿ ತುಳಿದು ಮೇಲೆ ದರಗು. ಅಂಚಿಗೇ ಹಾಕಿದ ಮಣ್ಣು ಮೊದಲ ಮಳೆಗೆ ಗುಂಡಿಗೇ ಬೀಳುತ್ತದೆ. ಕಾಲ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್, ನೆಲದಲ್ಲಿ ಹಸಿ ಇರುವಾಗ. ಕಡಿದ ಬೇರು ಬೇಸಿಗೆಗೆ ಮುಂಚೆ ಕೂಡಿಕೊಳ್ಳಬೇಕು. ಫೆಬ್ರವರಿಯಲ್ಲಿ ತೋಡಿಸಿದ ಅರ್ಧ ಎಕರೆಯಲ್ಲಿ ಹೂಮಳೆಗೆ ಮುಂಚೆಯೇ ಎಲೆ ಜೋಲು ಬಿದ್ದು ಹೂವೂ ಕಡಿಮೆಯಾಯಿತು.

ಒಬ್ಬ ಆಳು ದಿನಕ್ಕೆ 8-9 ಗುಂಡಿ ತೋಡುತ್ತಾನೆ, ಜಂಬಿಟ್ಟಿಗೆ ಕಲ್ಲು ಸಿಕ್ಕರೆ 5. ಈಗಿನ ಕೂಲಿಯಲ್ಲಿ ಎಕರೆಗೆ 6 ಸಾವಿರದ ಆಸುಪಾಸು. ಮರುವರ್ಷ ಹೂಳೆತ್ತಲು ಅದರ ಮೂರನೇ ಒಂದು. ಸಣ್ಣ ಹಿಟಾಚಿ ತಂದರೆ ಬೇಗ ಮುಗಿಯುತ್ತದೆ ನಿಜ, ಆದರೆ ಅದು ಓಡಾಡಿದ ಪಟ್ಟಿಯ ಮೇಲೆ ಎರಡು ಮಳೆಗಾಲ ನೀರು ಇಂಗದೆ ಹರಿಯಿತು. ಉಳಿಸಿದ ಕೂಲಿ ಹೂಳಿಗೆ ಹೋಯಿತು.

ಹೂಳೆತ್ತುವಾಗ ಗುಂಡಿಯ ಒಳಗೋಡೆಯನ್ನು ಗಮನಿಸಿ. ತಳದಲ್ಲಿ ದಪ್ಪ ಮರಳು, ಅದರ ಮೇಲೆ ಕಪ್ಪಾದ ಎಲೆಯ ಪದರ, ಎಲ್ಲಕ್ಕೂ ಮೇಲೆ ಬೆಣ್ಣೆ ಸವರಿದಂಥ ನುಣುಪು ಜೇಡಿಯ ತೆಳುಪೊರೆ. ಈ ಪೊರೆ ಎರಡು ಮಿಲಿಮೀಟರ್ ಇದ್ದರೂ ಸಾಕು, ನೀರು ಇಂಗುವುದು ನಿಲ್ಲುತ್ತದೆ. ಮಳೆ ಬಿಟ್ಟು ಮೂರು ದಿನವಾದರೂ ನೀರು ನಿಂತ ಗುಂಡಿ ಎಂದರೆ ಪೊರೆ ಕಟ್ಟಿದ ಗುಂಡಿ. ಜುಲೈ ನಡುವೆ ಒಮ್ಮೆ ಹಾರೆಯ ಮೊನೆಯಿಂದ ಕೆರೆದು ಬಿಟ್ಟರೆ ಮತ್ತೆ ಕುಡಿಯಲು ಶುರು. ಗುಂಡಿಗೆ ಅರ್ಧದವರೆಗೆ ದರಗು ತುಂಬಿದರೆ ಪೊರೆ ಕಟ್ಟುವುದೇ ಕಡಿಮೆ, ಅಕ್ಟೋಬರಿಗೆ ಕರಿಗೊಬ್ಬರ ಸಿಗುತ್ತದೆ. ಕಾಡುಹಂದಿಗೂ ಅದು ಗೊತ್ತು. ಎರೆಹುಳಕ್ಕಾಗಿ ಒಂದು ರಾತ್ರಿಯಲ್ಲಿ 20 ಗುಂಡಿ ಬಗೆದು ಹಾಕಿದ್ದುಂಟು. ಹಂದಿ ಬಾರದ ಹಾಗೆ ದರಗಿನ ಜೊತೆ ಒಂದು ವಸ್ತು ಸೇರಿಸುತ್ತೇನೆ. ಏನೆಂದು ಬರೆದರೆ ಸುತ್ತಲಿನ ತೋಟದ ಹಂದಿಯೆಲ್ಲ ಬೇರೆ ದಾರಿ ಕಾಣದೆ ನನ್ನಲ್ಲಿಗೇ ಬಂದಾವು. ಬಂದು ಕೇಳಿದವರಿಗೆ ತೋರಿಸುತ್ತೇನೆ.

ಎಲ್ಲರೂ ಮರೆಯುವುದು ತೋಟದ ರಸ್ತೆ. ಮೊಳೆ ಲೆಕ್ಕದಲ್ಲಿ ಹೂಳು ತಾಳೆಯಾಗದೆ ಮಳೆಯಲ್ಲಿ ನಿಂತು ನೋಡಿದಾಗ ಗುಂಡಿಗೆ ಬರುವ ಕೆಂಪುನೀರಿನ ಅರ್ಧ ಪಾಲು ಜೀಪ್ ಚಕ್ರದ ಜಾಡಿನಿಂದ ಬರುತ್ತಿತ್ತು. ರಸ್ತೆಗೆ ಪ್ರತಿ 50 ಅಡಿಗೆ ಒಂದರಂತೆ ಓರೆಯಾಗಿ ಉಬ್ಬು ಹಾಕಿ, ನೀರನ್ನು ಹುಲ್ಲಿರುವ ಬದಿಗೆ ತಿರುಗಿಸಿದೆ. ಉಬ್ಬು ನೇರ ಅಡ್ಡ ಇದ್ದರೆ ಹಿಂದೆ ಕೆಸರು ನಿಲ್ಲುತ್ತದೆ, ಓರೆ ಇದ್ದರೆ ತಾನೇ ತೊಳೆದುಕೊಳ್ಳುತ್ತದೆ. ಎತ್ತರ 6 ಇಂಚು, ಬುಡದ ಅಗಲ 3 ಅಡಿ. ಕಡಿದಾಗಿ ಮಾಡಿದರೆ ಪಿಕಪ್ಪಿನವರು ಗುದ್ದಲಿ ತಂದು ತಾವೇ ಸಮ ಮಾಡುತ್ತಾರೆ. ಇಡೀ ಕೆಲಸಕ್ಕೆ ಹತ್ತು ಆಳು. ನಾನು ಮಾಡಿದ್ದರಲ್ಲಿ ಕಡಿಮೆ ಖರ್ಚಿಗೆ ಹೆಚ್ಚು ಮಣ್ಣು ಉಳಿಸಿದ್ದು ಇದೇ.

ಹಳೆ ಕೊರಕಲಿಗೆ ಕಲ್ಲುತಡೆ. ಎರಡಡಿಗಿಂತ ಎತ್ತರ ಬೇಡ. ಮೇಲ್ಭಾಗವನ್ನು ಗೋಡೆಯ ಹಾಗೆ ಸಮ ಕಟ್ಟಿದ್ದ ಮೂರೂ ತಡೆಗಳನ್ನು ನೀರು ಪಕ್ಕದಿಂದ ಕೊರೆದು ಬೈಪಾಸ್ ಮಾಡಿತು. ನಡುವೆ ಒಂದಡಿ ತಗ್ಗು, ಎರಡು ತುದಿ ದಂಡೆಯೊಳಗೆ ಒಂದೂವರೆ ಅಡಿ ಹೂತಿರಬೇಕು, ನೀರು ಬೀಳುವ ಜಾಗಕ್ಕೆ ಚಪ್ಪಡಿ ಹಾಸು. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬಂದರೆ ಅಂತರ ಸರಿಯಾಯಿತು.

ಆ ಕಡಿದಾದ ಮೂಲೆಗೆ ಬರುತ್ತೇನೆ. ಅಲ್ಲಿ ಗುಂಡಿ ಇಲ್ಲ, ಇರಬಾರದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಸುತ್ತ ಗುಡ್ಡಗಳು ತೋಟಸಮೇತ ಇಳಿದು ಹೊಳೆ ಸೇರಿದ್ದನ್ನು ನೋಡಿದ ಮೇಲೆ, 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿದ ಮೇಲೆ, ಎಲ್ಲ ಇಳಿಜಾರಿಗೂ ‘ನೀರು ಇಂಗಿಸಿ’ ಎಂಬ ಒಂದೇ ಮಂತ್ರ ಹೇಳುವವರ ಮಾತು ಕೇಳಬಾರದು. ಕೊಚ್ಚಿಹೋಗುವ ಮಣ್ಣು ಬೇರೆ, ಕುಸಿಯುವ ಗುಡ್ಡ ಬೇರೆ. ಮೊದಲನೆಯದಕ್ಕೆ ನೀರನ್ನು ನಿಧಾನ ಮಾಡಬೇಕು. ಎರಡನೆಯದಕ್ಕೆ ಮಣ್ಣು ನೆನೆದು ಭಾರವಾಗುವ ಮುಂಚೆ ನೀರನ್ನು ಹೊರಗೆ ಕಳಿಸಬೇಕು. 10ಕ್ಕೆ 5ರ ಮೇಲಿನ ಇಳಿಜಾರು, ಮಳೆಗಾಲದಲ್ಲಿ ಒರತೆ ಏಳುವ ಜಾಗ, ರಸ್ತೆಗೋ ಮನೆಗೋ ಬರೆ (ಗುಡ್ಡದ ಕಡಿದಾದ ಬದಿ) ಕಡಿದ ಜಾಗದ ಮೇಲ್ಬದಿ, ನೆಲದಲ್ಲಿ ಬಿರುಕು ಕಂಡ ಜಾಗ, ಬಾಗಿ ಬೆಳೆದ ಮರಗಳಿರುವ ಜಾಗ: ಈ ಐದರಲ್ಲಿ ಒಂದಿದ್ದರೂ ಗುಂಡಿ ಮುಚ್ಚಿಸಿ. ನನ್ನ ಮೂಲೆಯಲ್ಲಿ ಹುಲ್ಲು ಹಿಡಿಸಿದ ಚರಂಡಿ, ಮಧ್ಯೆ ಕಲ್ಲು ಮೆಟ್ಟಿಲು, ದರಗು, ಕಾಡುಮರ ಇಷ್ಟೇ. ಅಲ್ಲಿ ಸಿಲ್ವರ್ ಕಡಿದು ಮಾರುವ ಆಸೆಯನ್ನೂ ಬಿಟ್ಟಿದ್ದೇನೆ, ಸತ್ತ ಬೇರು ಕೊಳೆಯುವ ವರ್ಷಗಳಲ್ಲೇ ಬರೆ ಜಾರುವುದು.

ಕೈಸುಟ್ಟ ಪ್ರಯೋಗಗಳೂ ಇವೆ. ಲಾವಂಚವನ್ನು ತೋಟದೊಳಗೆ ಸಾಲು ನೆಟ್ಟೆ, 2 ಸಾವಿರ ಬುಡ. ನೆರಳಿಗೆ ಬಡಕಲಾಗಿ ಎರಡು ವರ್ಷಕ್ಕೆ ಸತ್ತಿತು. ಅದೇ ಬುಡ ರಸ್ತೆಬದಿಯ ಬಿಸಿಲಿನಲ್ಲಿ ಆಳೆತ್ತರ ಬಂದು ಬರೆ ಹಿಡಿದು ನಿಂತಿದೆ. ರಬ್ಬರ್ ತೋಟದವರು ಹಾಕುವ ಪ್ಯುರೇರಿಯಾ ಬಳ್ಳಿ ನೆಲವನ್ನೇನೋ ಮುಚ್ಚಿತು, ಕಾಫಿಯನ್ನೂ ಮುಚ್ಚಿತು. ಬಿಡಿಸಲು ಹಾಕಿದ ಆಳಿನ ಲೆಕ್ಕ ಬೇಡ. ಹೊಸದಾಗಿ ನೆಟ್ಟ ಕಡೆ ಸೆಣಬು ಚೆನ್ನಾಗಿ ಬಂತು, ಹೂ ಬಿಡುವಾಗ ಕತ್ತರಿಸಿ ಅಲ್ಲೇ ಮಲಗಿಸಿದರೆ ಸಾಕು. ಕಾಫಿ ಹೊಟ್ಟನ್ನು ಹೊದಿಕೆಯಾಗಿ ಹರಡಿದ್ದೆ, ಮೊದಲ ಮಳೆಗೆ ತೇಲಿ ಗದ್ದೆ ಸೇರಿತು. ಹೊಟ್ಟಿಗೆ ಗುಂಡಿಯೇ ಸರಿಯಾದ ಜಾಗ. ಇನ್ನು ಇಳಿಜಾರಿನಲ್ಲಿ ಶುಂಠಿಗೆ ಪಟ್ಟೆಯನ್ನು ಮೇಲಿಂದ ಕೆಳಗೆ ಎಳೆಸುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಗುತ್ತಿಗೆಯವನಿಗೆ ಒಂದು ವರ್ಷದ ಬೆಳೆ, ಜಾಗದವನಿಗೆ ಹತ್ತು ವರ್ಷದ ಮಣ್ಣು.

ಹೊದಿಕೆಯ ಕೆಡುಕನ್ನೂ ಹೇಳಬೇಕು. ಉದುರಿದ ಕಾಫಿ ಆರಿಸುವುದು ಕಷ್ಟ, ಆರಿಸದಿದ್ದರೆ ಕಾಯಿಕೊರಕ ಮುಂದಿನ ಬೆಳೆಗೆ ಕಾಯುತ್ತ ಕೂರುತ್ತದೆ. ಅದಕ್ಕೆ ಕೊಯ್ಲಿಗೆ ಮುಂಚೆ ಗಿಡದ ಬುಡದ ದರಗನ್ನು ನಡುಸಾಲಿಗೆ ಎಳೆಸಿ, ಬಲೆ ಹಾಸಿ ಕೊಯ್ಯಿಸುತ್ತೇನೆ. ಬಸವನಹುಳು ಇರುವ ಕಡೆ ದಪ್ಪ ಹೊದಿಕೆ ಅವಕ್ಕೆ ಮನೆ ಕಟ್ಟಿಕೊಟ್ಟ ಹಾಗೆ. ಮಾರ್ಚ್-ಏಪ್ರಿಲಿನಲ್ಲಿ ಬೆಂಕಿಯ ಭಯ. ಬೇಲಿಯಿಂದ ಒಳಗೆ 15 ಅಡಿ ದರಗು ಇಡುವುದಿಲ್ಲ.

ಇಳುವರಿ. ಮೊದಲು ನಾಲ್ಕು ವರ್ಷದ ಸರಾಸರಿ ಎಕರೆಗೆ 50 ಕಿಲೋದ ಚೆರ್ರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ) 15-16 ಚೀಲ. ಈಗ ಎರಡೆರಡು ವರ್ಷ ಸೇರಿಸಿ ನೋಡಿದರೆ 21-22. ಸ್ಪ್ರಿಂಕ್ಲರಿನಿಂದ ಬಂದದ್ದು ಎನ್ನುವವರಿಗೆ ಉತ್ತರವಿದೆ: ಒಂದು ಎಕರೆಯನ್ನು ಬೇಕೆಂದೇ ಹಳೆ ಕ್ರಮದಲ್ಲಿ ಬಿಟ್ಟಿದ್ದೆ, ಅದೇ ಸ್ಪ್ರಿಂಕ್ಲರ್, ಅದೇ ಗೊಬ್ಬರ, ಅಲ್ಲಿ ಬಂದದ್ದು 17. ವ್ಯತ್ಯಾಸ ಕಾಣುವುದು ಬೇಸಿಗೆಯಲ್ಲಿ. ಹೂವಿಗೆ ನೀರು ಕೊಟ್ಟ ಮೇಲೆ ಎರಡನೆಯ ನೀರನ್ನು ದರಗಿರುವ ಬ್ಲಾಕಿನಲ್ಲಿ 4-5 ದಿನ ತಡ ಮಾಡಿದರೂ ಎಲೆ ಬಾಡುವುದಿಲ್ಲ, ಡೀಸೆಲ್ ಉಳಿಯುತ್ತದೆ. ಕಳೆಗೆ ಮೊದಲು ಎಕರೆಗೆ ವರ್ಷಕ್ಕೆ 28-30 ಆಳು ಬೀಳುತ್ತಿತ್ತು, ಈಗ ಮೆಷಿನ್ ಮತ್ತು ಕೈಸುತ್ತು ಸೇರಿ 14. ಗುಂಡಿಯ ಖರ್ಚು ಅಲ್ಲಿಂದಲೇ ಹುಟ್ಟಿತು, ಸಾಲ ಮಾಡಲಿಲ್ಲ. ಚೆರ್ರಿ ಚೀಲಕ್ಕೆ ಮೂರೂವರೆ ಸಾವಿರ ಇದ್ದ ಕಾಲದಲ್ಲೇ ಲೆಕ್ಕ ಸರಿಹೋಗಿತ್ತು, ಆಮೇಲಿನ ಬೆಲೆಯನ್ನು ಸೇರಿಸಿ ಜಂಬ ಕೊಚ್ಚುವುದಿಲ್ಲ.

ಹಳೆ ಕ್ರಮದಲ್ಲಿ ಬಿಟ್ಟಿದ್ದ ಆ ಎಕರೆಯ ಮೊಳೆಗಳು ಐದು ವರ್ಷಕ್ಕೆ ಹತ್ತಿರ ಹತ್ತಿರ ಮುಕ್ಕಾಲು ಇಂಚು ಹೊರಗೆ ಬಂದಿವೆ. ಗಿಡದ ಬುಡದಲ್ಲಿ ಬೇರು ಕಾಲುಗಂಟಿನ ಹಾಗೆ ಎದ್ದು ಕಾಣುತ್ತಿದೆ. ಈ ಸೆಪ್ಟೆಂಬರಿನಲ್ಲಿ ಅಲ್ಲಿಗೂ ಗುಂಡಿಗೆ ಗೂಟ ಹೊಡೆಸುತ್ತಿದ್ದೇನೆ. ಮೊಳೆ ಕೀಳಿಸುವುದಿಲ್ಲ, ಅಲ್ಲೇ ಇರಲಿ.